ಅತ್ತಿಗೆ ಬರೆದ ಎರಡು ಪುಟ

ನಮ್ಮ ಅತ್ತಿಗೆ ಆಸ್ಪತ್ರೆಯಲ್ಲಿ ಮಾತು ಕಲಿಸುತ್ತಾರೆ. ಹೀಗೆಂದ ಕೂಡಲೇ ಎಲ್ಲರೂ ‘ಓ, ಚಿಕ್ಕ ಮಕ್ಕಳಿಗಾ?’ ಎನ್ನುತ್ತಾರೆ. ಅಲ್ಲ. ಜೀವಮಾನವಿಡೀ ಬೇಕಾದಷ್ಟು ಮಾತಾಡಿ, ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ. ಅವರ ಕೋಣೆ ಇರುವುದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕ. ಗೋಡೆಯಾಚೆ ದೊಡ್ಡ ಯಂತ್ರಗಳು ಗರಗರ ತಿರುಗುತ್ತಿರುತ್ತವೆ. ಬಾಗಿಲು ತೆರೆದರೆ ಆಗಷ್ಟೇ ಇಸ್ತ್ರಿಯಾದ ಹೊದಿಕೆಗಳ ಬೆಚ್ಚನೆಯ ವಾಸನೆ. ಒಳಗೆ ಒಂದು ಮೇಜು, ಎದುರುಬದುರು ಕುರ್ಚಿ, ನಾಲಿಗೆ ತುಟಿ ಹೇಗೆ ಆಡುತ್ತವೆಂದು ನೋಡಿಕೊಳ್ಳಲು ಒಂದು ಕನ್ನಡಿ, ಚಿತ್ರದ ಕಾರ್ಡುಗಳು ತುಂಬಿದ ಡಬ್ಬಿ. ಬಟ್ಟಲಿನ ಚಿತ್ರ ತೋರಿಸಿ ‘ಇದೇನು?’ ಎಂದು ಕೇಳುವುದು ಅವರ ಕೆಲಸದ ಅರ್ಧಭಾಗ. ಎದುರು ಕೂತವರಿಗೆ ಅದು ಬಟ್ಟಲೆಂದು ಚೆನ್ನಾಗಿ ಗೊತ್ತು. ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ.

ನಾನು ಪತ್ರಿಕೆಯೊಂದರ ಉಪಸಂಪಾದಕಿ. ಬೇರೆಯವರ ವಾಕ್ಯಗಳನ್ನು ಕತ್ತರಿಸಿ ಹೊಟ್ಟೆ ಹೊರೆಯುವವಳು. ಅಣ್ಣನದು ಕನ್ನಡಕದ ಅಂಗಡಿ. ಅಂಗಡಿಯ ಮೇಲಿನ ಮಹಡಿಯಲ್ಲಿ ಅಣ್ಣ, ಅತ್ತಿಗೆ, ಅಮ್ಮ, ನಾನು ಇದ್ದೇವೆ. ನಮ್ಮನೆಯಲ್ಲಿ ಮಾತಿಗೆ ಯಾವತ್ತೂ ಬರವಿಲ್ಲ. ಅತ್ತಿಗೆ ದಿನವಿಡೀ ಒಂದೊಂದೇ ಅಕ್ಷರಕ್ಕೆ ಕಾದು ಕೂತು, ಮನೆಗೆ ಬಂದು ನಾವು ಮೂವರೂ ಒಟ್ಟಿಗೇ ಮಾತಾಡುವುದನ್ನು ಕೇಳಿ, ‘ಅಬ್ಬಾ, ಕಿವಿ ತಂಪಾಯ್ತು’ ಎನ್ನುತ್ತಿದ್ದರು.

ಇದೆಲ್ಲ ಶುರುವಾಗಿದ್ದು ಟಿಕೆಟ್ ತಾತನಿಂದ. ಅವರು ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿ ನಿವೃತ್ತರಾದವರು. ಒಂದು ಬೋಗಿಯಲ್ಲಿ ನಿಂತು ಕೂಗಿದರೆ ಮುಂದಿನ ಬೋಗಿಯವರು ಟಿಕೆಟ್ ಹುಡುಕಿಕೊಳ್ಳುವಂಥ ಗಂಟಲು. ಕಾಯಿಲೆಯಾದ ಮೇಲೆ ಅವರಲ್ಲಿ ಉಳಿದಿದ್ದು ‘ಅದು’ ಎಂಬ ಒಂದೇ ಪದ. ಹಸಿವಾದರೂ ಅದು, ನೋವಾದರೂ ಅದು. ಅತ್ತಿಗೆ ತಿಂಗಳುಗಟ್ಟಲೆ ಬಟ್ಟಲು, ಬಾಗಿಲು, ಬೆಕ್ಕು ತೋರಿಸಿದರು. ತಾತ ಬೆವರುತ್ತಿದ್ದರು, ‘ಅದು… ಅದು…’ ಎನ್ನುತ್ತಿದ್ದರು, ಕೊನೆಗೆ ಕಾರ್ಡನ್ನೇ ತಿರುಗಿಸಿ ಇಡುತ್ತಿದ್ದರು.

ಒಂದು ದಿನ ಅವರ ಸರದಿ ಬರುವುದು ತಡವಾಯಿತು. ತಾತ, ಅವರ ಹೆಂಡತಿ ಅಜ್ಜಿ ಹೊರಗಿನ ಬೆಂಚಿನ ಮೇಲೆ ಕೂತು ಇಸ್ಪೀಟು ಹಾಕಿಕೊಂಡಿದ್ದರು. ಅಜ್ಜಿ ಆಟದಲ್ಲಿ ಮೋಸ ಮಾಡುವವರು, ಮದುವೆಯಾದಾಗಿನಿಂದ ಮಾಡುತ್ತಿದ್ದರಂತೆ. ಅವತ್ತೂ ಒಂದು ಎಲೆಯನ್ನು ಮೆಲ್ಲಗೆ ಕೈಚೀಲದಡಿ ಸರಿಸಿದರು. ತಾತನ ಕಿವಿ ಕೆಂಪಾಯಿತು.

“ಕಳ್ಳಿ!” ಎಂದರು. ಆಮೇಲೆ ಒಂದು ಉಸಿರು ಎಳೆದುಕೊಂಡು, “ಎಲೆ… ತೆಗಿ!”

ಬಾಗಿಲಲ್ಲಿ ನಿಂತು ಮುಂದಿನವರನ್ನು ಕರೆಯಲು ಬಾಯಿ ತೆರೆದಿದ್ದ ಅತ್ತಿಗೆ ಹಾಗೇ ನಿಂತುಬಿಟ್ಟರು. ಅಜ್ಜಿ ಕೈಯಲ್ಲಿದ್ದ ಎಲೆಗಳನ್ನೆಲ್ಲ ಚೆಲ್ಲಿ ಅತ್ತರು. “ಬೈದ್ರು! ನೋಡಿ, ನನ್ನನ್ನ ಬೈದ್ರು!” ಎಂದು ಹೋಗಿಬರುವವರಿಗೆಲ್ಲ ಹೇಳಿದರು.

ಮುಂದಿನ ವಾರ ಅತ್ತಿಗೆ ಚಿತ್ರದ ಡಬ್ಬಿ ಎತ್ತಿಟ್ಟು ಇಸ್ಪೀಟು ತರಿಸಿದರು. “ಅಜ್ಜಿ, ನಿಮ್ಮಿಷ್ಟ ಬಂದಹಾಗೆ ಆಡಿ” ಎಂದರು. ಅಜ್ಜಿಗೆ ಇಂಥ ಅಪ್ಪಣೆ ಬದುಕಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಅವತ್ತು ತಾತ, “ರಾಣಿ… ಚೀಲದಡಿ… ರಾಣಿ ಇದೆ” ಎಂದರು. ಆ ಸಂಜೆ ಊಟಕ್ಕೆ ಕೂತಾಗ ಅತ್ತಿಗೆ ಎರಡೂ ಪಾತ್ರ ತಾವೇ ಮಾಡಿ ತೋರಿಸಿದರು. ಅಣ್ಣ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ.

ಅಲ್ಲಿಂದ ಅತ್ತಿಗೆಯ ತಲೆಗೆ ಹುಳ ಬಿಟ್ಟ ಹಾಗಾಯಿತು. ಬೇರೆ ರೋಗಿಗಳನ್ನೂ ಗಮನಿಸತೊಡಗಿದರು. ಒಬ್ಬ ದರ್ಜಿಗೆ ಕತ್ತರಿಯ ಚಿತ್ರ ತೋರಿಸಿದರೆ ಬಾಯಿಗೆ ಬೀಗ. ಮಗಳು “ನಮ್ಮಪ್ಪನ ಹೊಲಿಗೆ ಯಾವಾಗ್ಲೂ ಕಂಕುಳಲ್ಲಿ ಬಿಗಿ” ಎಂದು ಅಣಕಿಸಿದಾಗ, “ಸುಳ್ಳು! ಅಳತೆ… ಅಮ್ಮಂದು… ತಪ್ಪು!” ಅಂತ ಹೆಂಡತಿಯ ಮೇಲೆ ಹಾಕಿಬಿಟ್ಟ. ಕೀಟಲೆ, ಜಗಳ, ಎದುರುತ್ತರ. ಅಲ್ಲಿ ಮಾತು ಬರುತ್ತಿತ್ತು. ಯಾಕೆ? ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ? ಒಮ್ಮೆ ಬಂದದ್ದು ನಿಲ್ಲುತ್ತಾ?

“ಇದನ್ನ ಸರಿಯಾಗಿ ಹುಡುಕಬೇಕು ಅಂದ್ರೆ ಪಿಎಚ್‌ಡಿ ಮಾಡ್ಬೇಕು” ಎಂದರು ಒಂದು ಭಾನುವಾರ, ಅಮ್ಮನ ಜೊತೆ ತರಕಾರಿ ಹೆಚ್ಚುತ್ತಾ. ಹೇಳಿದವರೇ ಸುತ್ತ ನೋಡಿದರು, ಯಾರಾದರೂ ನಗುತ್ತಾರೇನೋ ಎಂದು. ಅವರಿಗೆ ಆಗ ನಲವತ್ತು ದಾಟಿತ್ತು.

ಅಮ್ಮ ಮಾತ್ರ ಚಾಕು ಕೆಳಗಿಡದೆ, “ಅದಕ್ಕೇನೀಗ? ಕನ್ನಡಕ ಮನೇಲೇ ಇದೆ. ಓದು” ಎಂದರು.

ಎರಡು ಕಡೆ ಅರ್ಜಿ ಹಾಕುವುದೆಂದಾಯಿತು: ಒಂದು ನಮ್ಮೂರಿನ ದೊಡ್ಡ ವಿಶ್ವವಿದ್ಯಾಲಯ, ಇನ್ನೊಂದು ಹೊಳೆಯಾಚೆಯದು. ಎರಡೂ ಕಡೆ ಅಂಕಪಟ್ಟಿಯ ಜೊತೆಗೆ ಉದ್ದೇಶ ಪತ್ರ ಎಂಬ ಎರಡು ಪುಟದ ಬರಹ ಕೇಳಿದ್ದರು. ನೀವು ಯಾರು, ಏನನ್ನು ಹುಡುಕಲು ಹೊರಟಿದ್ದೀರಿ, ಅದನ್ನು ಹುಡುಕಲು ನಮ್ಮಲ್ಲಿಗೇ ಯಾಕೆ ಬರುತ್ತೀರಿ ಎಂದು ಹೇಳಬೇಕು. ಎರಡೇ ಪುಟ ತಾನೇ, ಮಧ್ಯಾಹ್ನದೊಳಗೆ ಮುಗಿಯುತ್ತೆ ಎಂದುಕೊಂಡರು ಅತ್ತಿಗೆ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ ಜಾಗ ಮಾಡಿಕೊಂಡು, ಎದುರಿಗೆ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ ನೋಡುತ್ತಾ ಬರೆಯಲು ಕೂತರು.

ಬರೆದದ್ದನ್ನು ತಂದು ನನ್ನ ಕೈಗಿತ್ತಾಗ ಅವರ ಮುಖ ಊರಗಲವಾಗಿತ್ತು. ಮೊದಲ ಸಾಲು ಹೀಗಿತ್ತು: ‘ಬಾಲ್ಯದಿಂದಲೂ ನನಗೆ ಮಾನವ ಭಾಷೆಯ ವಿಸ್ಮಯಗಳ ಬಗ್ಗೆ ಅಪಾರ ಕುತೂಹಲವಿದೆ.’

“ಅತ್ತಿಗೆ, ಬಾಲ್ಯದಲ್ಲಿ ನಿಮಗೆ ಯಾವುದರ ಬಗ್ಗೆ ಕುತೂಹಲ ಇತ್ತು? ನಿಜ ಹೇಳಿ.”

ಅವರು ಸ್ವಲ್ಪ ಯೋಚಿಸಿ, “ಈಜೋದು. ಆಮೇಲೆ ಪಕ್ಕದ್ಮನೆ ನಾಯಿ” ಎಂದರು.

ಮುಂದೆ ಓದಿದೆ. ‘ಬಹುಆಯಾಮದ’, ‘ಸಮಗ್ರ’, ‘ಪ್ರತಿಷ್ಠಿತ’. ಪ್ರಶಸ್ತಿಗಳ ಸಾಲು, ಹೋದ ತರಬೇತಿಗಳ ಸಾಲು. ಪುಟ ತಿರುಗಿಸಿದೆ, ಮತ್ತೆ ಹಿಂದಕ್ಕೆ ಬಂದೆ.

“ಇಸ್ಪೀಟು ಎಲ್ಲಿ?”

“ಅಯ್ಯೋ, ಅದನ್ನೆಲ್ಲ ಬರೀತಾರೇನೆ? ಓದೋರು ಪ್ರೊಫೆಸರ್‌ಗಳು!”

“ಪ್ರೊಫೆಸರ್‌ಗಳು ಇಸ್ಪೀಟು ಆಡಲ್ವಾ? ಅತ್ತಿಗೆ, ಈ ಎರಡು ಪುಟದ ಕೆಳಗೆ ಯಾರ ಹೆಸರು ಹಾಕಿದ್ರೂ ನಡೆಯುತ್ತೆ. ನಮ್ಮ ಅಣ್ಣನ ಹೆಸರು ಹಾಕಿದ್ರೂ ನಡೆಯುತ್ತೆ.”

ಅವರಿಗೆ ಸಿಟ್ಟು ಬಂತು. ಅವತ್ತು ಸಂಜೆ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಮತ್ತೆ ಹಿಂದಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು.

ಎರಡನೆಯದನ್ನು ಅವರು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿದರು. ಈ ಸಲ ಇಸ್ಪೀಟು ಬಂದಿತ್ತು. ಬಂದದ್ದೊಂದೇ ಅಲ್ಲ, ಎರಡೂ ಪುಟ ತುಂಬಿಕೊಂಡಿತ್ತು. ತಾತ ರೈಲಿನಲ್ಲಿ ಹೇಗೆ ಗುಡುಗುತ್ತಿದ್ದರು, ಕಾಯಿಲೆ ಬಿದ್ದ ದಿನ ಹೇಗಿತ್ತು, ಅಜ್ಜಿಯ ಕಣ್ಣೀರು, ನೆಲಕ್ಕೆ ಚೆಲ್ಲಿದ ಎಲೆಗಳು. ಅಣ್ಣ ಕನ್ನಡಕ ಒರೆಸುವ ಬಟ್ಟೆಯಿಂದ ಕಣ್ಣೊರೆಸಿಕೊಂಡ. ಓದು ಮುಗಿದ ಮೇಲೆ ಅಮ್ಮ ನಿಟ್ಟುಸಿರು ಬಿಟ್ಟು, “ಪಾಪ, ಎಂಥ ಮನುಷ್ಯ! ಅವರಿಗೆ ಖಂಡಿತ ಸೀಟು ಕೊಡ್ತಾರೆ” ಎಂದರು.

ಅತ್ತಿಗೆಯೇ ಮೊದಲು ನಕ್ಕದ್ದು. ನಕ್ಕು ನಕ್ಕು ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತರು. “ಅತ್ತೆ, ನೀವೇ ಸರಿ! ಇದು ತಾತನ ಅರ್ಜಿ. ನಂದಲ್ಲ.” ಉಪಸಂಪಾದಕಿಯಾಗಿ ನಾನು ಅರ್ಧ ಗಂಟೆ ಹೇಳಬೇಕಾಗಿದ್ದನ್ನು ಅಮ್ಮ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಕಥೆಯೇನೋ ಇತ್ತು, ಆದರೆ ಕಥೆಯಿಂದ ಹುಟ್ಟಿದ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಇನ್ನೂ ಒಂದು ಕೆಲಸ ಬಾಕಿಯಿತ್ತು. ತಾತನನ್ನು ಕೇಳದೆ ತಾತನ ವಿಷಯ ಬರೆಯುವುದು ಸರಿಯಲ್ಲ ಎಂದು ಅತ್ತಿಗೆಗೆ ಅನ್ನಿಸಿತು. ಹೆಸರು, ಊರು ಯಾವುದೂ ಇರುವುದಿಲ್ಲ, ಆದರೂ ಒಪ್ಪಿಗೆ ಬೇಕು ಎಂದು ನಿಧಾನವಾಗಿ ವಿವರಿಸಿದರು. ತಾತ ಬಹಳ ಹೊತ್ತು ಪದ ಹುಡುಕಿದರು. ಅತ್ತಿಗೆ ಕಾದರು.

“ಬರಿ,” ಎಂದರು ತಾತ. “ಆದ್ರೆ… ಗೆದ್ದಿದ್ದು… ನಾನು.”

“ಸುಳ್ಳು!” ಎಂದು ಅಜ್ಜಿ ಪಕ್ಕದಿಂದ ಕೂಗಿದರು. ಇಬ್ಬರಿಗೂ ಅಲ್ಲೇ ಜಗಳ ಹತ್ತಿಕೊಂಡಿತು. ಅತ್ತಿಗೆ ಸಂತೋಷದಿಂದ ಕೂತು ಕೇಳಿದರು.

ಮೂರನೆಯ ಸಲ ಬರೆಯುವ ಮೊದಲು ಅವರು ಓದಲು ಶುರುಮಾಡಿದರು. ಹೊಳೆಯಾಚೆಯ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೇ ಹೆಸರಾದ ಪ್ರಾಧ್ಯಾಪಕಿಯೊಬ್ಬರಿದ್ದರು. ಅವರ ಲೇಖನಗಳನ್ನೆಲ್ಲ ತರಿಸಿ, ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಅಣ್ಣ ಗಿರಾಕಿಗಳಿಗೆ ಚೌಕಟ್ಟು ತೋರಿಸುತ್ತಿದ್ದಾಗ ಅಂಗಡಿಯ ಮೂಲೆಯಲ್ಲಿ ಕೂತು ಓದಿದರು. ಒಂದು ಶನಿವಾರ ಮೆಟ್ಟಿಲು ಹತ್ತಿ ಬಂದಾಗ ಮುಖ ಸಪ್ಪಗಿತ್ತು.

“ಮುಗೀತು ಕಣೆ. ನಾನು ಕಂಡುಹಿಡಿದೆ ಅಂದ್ಕೊಂಡಿದ್ದನ್ನ ಆಯಮ್ಮ ಯಾವಾಗ್ಲೋ ಬರೆದಿಟ್ಟಿದ್ದಾರೆ. ಗೊತ್ತಿರೋ ಚಿತ್ರ ತೋರಿಸಿ ಹೆಸರು ಕೇಳೋದಕ್ಕಿಂತ, ಎದುರಿನವರಿಗೆ ಗೊತ್ತಿಲ್ಲದ್ದನ್ನ ತಿಳಿಸೋ ಅಗತ್ಯ ಇದ್ರೆ ಮಾತು ಚೆನ್ನಾಗಿ ಬರುತ್ತಂತೆ. ಪ್ರಯೋಗ ಮಾಡಿ ತೋರಿಸಿಬಿಟ್ಟಿದ್ದಾರೆ.”

ಅಣ್ಣ ಚಹಾ ಸೋಸುತ್ತಾ ಕೇಳಿದ, “ಒಳ್ಳೇದೇ ಆಯ್ತಲ್ಲ? ನಿನ್ನ ತಲೆಗೆ ಬಂದಿದ್ದು ಅಂಥವರ ತಲೆಗೂ ಬಂದಿದೆ ಅಂದ್ರೆ ನೀನು ದಾರಿ ತಪ್ಪಿಲ್ಲ ಅಂತ ತಾನೇ? ಅವರು ಎಲ್ಲಿಗೆ ನಿಲ್ಲಿಸಿದ್ದಾರೆ, ನೋಡು.”

ಅತ್ತಿಗೆ ಮತ್ತೆ ಓದಿದರು, ಈ ಬಾರಿ ಬೇರೆ ಕಣ್ಣಿನಿಂದ. ಆ ಪ್ರಯೋಗಗಳಲ್ಲೆಲ್ಲ ರೋಗಿಯ ಎದುರು ಕೂತವರು ಚಿಕಿತ್ಸಕರು, ಇಲ್ಲವೇ ಅಪರಿಚಿತ ಸ್ವಯಂಸೇವಕರು. ಸಭ್ಯರು, ತಾಳ್ಮೆಯವರು. ಒಬ್ಬರಾದರೂ ಎಲೆ ಕದಿಯುವುದಿಲ್ಲ. ಒಬ್ಬರಾದರೂ ‘ನಿಮ್ಮ ಹೊಲಿಗೆ ಬಿಗಿ’ ಎನ್ನುವುದಿಲ್ಲ. ಜೀವನವಿಡೀ ಜೊತೆಗೆ ಬಾಳಿ, ಎಲ್ಲಿ ಚುಚ್ಚಿದರೆ ಎಲ್ಲಿ ಚಿಮ್ಮುತ್ತದೆ ಎಂದು ಬಲ್ಲ ಹೆಂಡತಿ, ಮಗಳು, ತಮ್ಮ, ಇವರು ಆ ಲೇಖನಗಳಲ್ಲಿ ಎಲ್ಲೂ ಇರಲಿಲ್ಲ. ಕೊನೆಯ ಲೇಖನದ ಕೊನೆಯಲ್ಲಿ ಪ್ರಾಧ್ಯಾಪಕಿಯೇ, ಮನೆಯ ಮಾತುಕತೆಯನ್ನು ಇನ್ನೂ ನೋಡಬೇಕಿದೆ ಎಂದು ಬರೆದಿದ್ದರು.

ಅತ್ತಿಗೆ ಕೆಳಗಿನಿಂದಲೇ ಕೂಗಿದರು, “ಸಿಕ್ತು! ಬಾರೇ ಇಲ್ಲಿ!” ಕಣ್ಣು ಪರೀಕ್ಷೆಗೆ ಕೂತಿದ್ದ ಗಿರಾಕಿ, ತಾನು ಹಲಗೆಯ ಕೊನೆಯ ಸಾಲು ಸರಿಯಾಗಿ ಓದಿದೆನೆಂದು ತಿಳಿದು ಬೀಗಿದರಂತೆ.

ಮೂರನೆಯ ಬರಹ ನದಿಯಂತೆ ಹರಿಯಿತು ಎಂದೇನೂ ಹೇಳಲಾರೆ. ಎಳೆದಾಡಿ, ಹೊಡೆದಾಡಿ ಬಂತು. ಆದರೆ ಈ ಸಲ ಅದು ಅವರದಾಗಿತ್ತು. ಬೆಂಚಿನ ಮೇಲಿನ ಘಟನೆಗೆ ಬರೀ ನಾಲ್ಕು ಸಾಲು. ತಕ್ಷಣ ಪ್ರಶ್ನೆ. ಆಮೇಲೆ ಇದರ ಬಗ್ಗೆ ಈಗಾಗಲೇ ಏನು ಗೊತ್ತಿದೆ, ಏನು ಗೊತ್ತಿಲ್ಲ, ತಾನು ಯಾರ ಮನೆಗಳಿಗೆ ಹೋಗಿ ಏನನ್ನು ದಾಖಲಿಸಬೇಕೆಂದಿದ್ದೇನೆ, ಅದನ್ನು ಕಲಿಸಲು ಆ ವಿಭಾಗದಲ್ಲಿ ಯಾರಿದ್ದಾರೆ. ಪ್ರಯೋಗದ ಅಂಕಿಅಂಶಗಳನ್ನು ಅಳೆಯುವ ಸಂಖ್ಯಾಶಾಸ್ತ್ರ ತಮಗೆ ಬರುವುದಿಲ್ಲ ಎಂಬುದನ್ನು ಮೊದಲೆರಡು ಸಲ ಜಾಣತನದಿಂದ ಮುಚ್ಚಿಟ್ಟಿದ್ದರು. ಈಗ ಅದನ್ನೂ ನೇರವಾಗಿ ಬರೆದು, ಸಂಜೆ ತರಗತಿಗೆ ಸೇರಿದ್ದೇನೆ ಎಂದು ಸೇರಿಸಿದರು. ಬರೆದ ಮೇಲೆ ನಿಜವಾಗಿಯೂ ಹೋಗಿ ಸೇರಿದರು ಎನ್ನಿ.

ನಾನು ಕೆಂಪು ಪೆನ್ನು ಹಿಡಿದು ಕೂತೆ. ‘ಅಪಾರ’ಗಳನ್ನೆಲ್ಲ ಹೊಡೆದೆ. ಒಂದು ಕಡೆ ಮಾತ್ರ ನಮ್ಮಿಬ್ಬರಿಗೂ ಜಟಾಪಟಿಯಾಯಿತು. ಅವರು ಬರೆದಿದ್ದರು: ‘ಚಿತ್ರದಲ್ಲಿರುವುದು ಬಟ್ಟಲು ಎಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತು. ಹಾಗಿದ್ದ ಮೇಲೆ ಅವರು ಅದನ್ನು ಯಾರಿಗಾಗಿ ಹೇಳಬೇಕು?’

“ಇದು ತೀರಾ ಮನೆಮಾತಿನ ಹಾಗಿದೆ ಅತ್ತಿಗೆ, ತೆಗೆಯೋಣ.”

“ಏನಾದ್ರೂ ತೆಗಿ, ಇದನ್ನ ಮಾತ್ರ ಮುಟ್ಬೇಡ” ಎಂದರು. ಧ್ವನಿ ಕೇಳಿ ಪೆನ್ನು ಮುಚ್ಚಿದೆ.

ದೊಡ್ಡ ವಿಶ್ವವಿದ್ಯಾಲಯಕ್ಕೂ ಅದೇ ಬರಹವನ್ನು ಸ್ವಲ್ಪ ಬದಲಾಯಿಸಿ ಕಳಿಸಿದರು. ಕಳಿಸಿದ ಮೇಲೆ ಅಣ್ಣ, ಕನ್ನಡಕದ ಚೌಕಟ್ಟಿನ ಒಳಗಿನ ಇರುವೆಗಾತ್ರದ ಅಂಕಿಗಳನ್ನು ಓದಿ ಪಳಗಿದ ಕಣ್ಣಿನಿಂದ ಪ್ರತಿಯನ್ನು ನೋಡಿ, “ಇಲ್ಲಿ ‘ಹೊಳೆಯಾಚೆಯ ನಿಮ್ಮ ಸಂಸ್ಥೆಯಲ್ಲೇ ಕಲಿಯಬೇಕೆಂಬುದು ನನ್ನ ಆಸೆ’ ಅಂತಿದೆ. ದೊಡ್ಡೋರು ಹೊಳೆಯ ಈಚೆ ಇದ್ದಾರಲ್ವಾ?” ಎಂದು ಕೇಳಿದ. ಅತ್ತಿಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಲ್ಲಿಂದ ಬಂದ ನಿರಾಕರಣೆ ಚಿಕ್ಕದಾಗಿ, ಸೌಜನ್ಯದಿಂದ ಕೂಡಿತ್ತು. ‘ತಮ್ಮ ಆಸೆ ಈಡೇರಲಿ ಎಂದು ಹಾರೈಸುತ್ತೇವೆ’ ಎಂದು ಬರೆದಿದ್ದರು. ಅದನ್ನು ನಾವು ಒಂದು ವಾರ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕೆವು.

ಹೊಳೆಯಾಚೆಯವರು ಸಂದರ್ಶನಕ್ಕೆ ಕರೆದರು. ಅತ್ತಿಗೆ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಉದ್ದನೆಯ ಓಣಿ, ಎರಡೂ ಕಡೆ ಬಾಗಿಲುಗಳು, ಗೋಡೆಯ ಮೇಲೆ ಬಣ್ಣ ಮಾಸಿದ ಸೂಚನೆಗಳು. ಕಾದು ಕೂತ ಅಭ್ಯರ್ಥಿಗಳೆಲ್ಲ ಎಳೆಯರು. ಅತ್ತಿಗೆ ಕೈಚೀಲ ಹೆಗಲಿಗೇರಿಸಿ ಎದ್ದರು. “ವಾಪಸ್ ಹೋಗೋಣ್ವಾ?” ಎಂದರು. “ಬಸ್ಸು ಇನ್ನೂ ಎರಡು ಗಂಟೆ ಇಲ್ಲ, ಒಳಗೆ ಹೋಗಿ ಬನ್ನಿ” ಎಂದೆ. ಒಳಗೆ ನಡೆದದ್ದನ್ನು ಆಮೇಲೆ ಅವರಿಂದ ಅಕ್ಷರ ಬಿಡದೆ ಕೇಳಿದ್ದೇನೆ.

ಮಧ್ಯದಲ್ಲಿ ಕೂತಿದ್ದವರು ಆ ಲೇಖನಗಳ ಪ್ರಾಧ್ಯಾಪಕಿಯೇ, ಬಿಳಿಕೂದಲಿನ ಕುಳ್ಳನೆಯವರು. ಪುಟ ತಿರುಗಿಸುತ್ತಾ ಕೇಳಿದರಂತೆ: “ಮಾತು ಹೋದವರಿಗೂ ಬೈಗುಳ ಉಳಿದಿರುತ್ತೆ, ನಿಮಗೆ ಗೊತ್ತಿರೋದೇ. ಎಣಿಕೆ, ಹಾಡು, ಬೈಗುಳ ತಾವಾಗೇ ಬರ್ತಾವೆ. ನಿಮ್ಮ ತಾತ ‘ಕಳ್ಳಿ’ ಅಂದ್ರೆ ಅದ್ರಲ್ಲೇನು ಹೊಸದು?”

“ಇರಬಹುದು ಮೇಡಂ. ‘ಕಳ್ಳಿ’ ಹಾಗೇ ತಾನಾಗಿ ಬಂದಿರಬಹುದು. ಆದ್ರೆ ಮುಂದಿನ ವಾರ ‘ರಾಣಿ ಚೀಲದಡಿ ಇದೆ’ ಅಂದ್ರಲ್ಲ? ಅದನ್ನ ಯಾರೂ ಬೈಗುಳದ ಹಾಗೆ ಬಾಯಿಪಾಠ ಮಾಡಿರಲ್ಲ. ಆ ಹೊತ್ತಿಗೆ ಹೊಸದಾಗಿ ಕಟ್ಟಿದ ಮಾತು ಅದು.”

“ಒಬ್ಬಿಬ್ಬರಲ್ಲಿ ನೋಡಿದ್ದೀರಿ. ಆಕಸ್ಮಿಕ ಆಗಿರಬಾರದೇಕೆ?”

“ಆಗಿರಬಹುದು. ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಬಂದಿದ್ದೀನಿ.”

ಪ್ರಾಧ್ಯಾಪಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಯಾರಿಗಾಗಿ ಹೇಳಬೇಕು’ ಎಂಬ ಸಾಲನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿದರಂತೆ. ಆಮೇಲೆ, “ನಮ್ಮನೇಲೂ ನನ್ನ ತಂಗಿ ಇಸ್ಪೀಟಲ್ಲಿ ಮೋಸ ಮಾಡ್ತಾಳೆ. ಇನ್ಮೇಲೆ ಸಹಿಸಿಕೊಳ್ತೀನಿ” ಎಂದರಂತೆ. ಹೊರಗೆ ಕೂತಿದ್ದ ನನಗೆ ಒಳಗಿನಿಂದ ನಗು ಕೇಳಿಸಿತು. ಆ ಒಂದು ಸಾಲಿನ ವಿಷಯದಲ್ಲಿ ಬಸ್ಸಿನ ದಾರಿಯುದ್ದಕ್ಕೂ ಅತ್ತಿಗೆ ನನ್ನನ್ನು ಆಡಿಕೊಂಡರು.

ಫಲಿತಾಂಶ ಬಂದ ದಿನ ಅತ್ತಿಗೆ ಅಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಅಮ್ಮ ಕುರ್ಚಿಯಲ್ಲಿ ಒರಗಿ, ಬಾಯಿ ತುಂಬ ಹತ್ತಿ ತುಂಬಿಸಿಕೊಂಡು, ಮರಗಟ್ಟಿಸುವ ಔಷಧ ಹತ್ತಲೆಂದು ಕಾಯುತ್ತಿದ್ದರು. ಅತ್ತಿಗೆಯ ಫೋನು ಟಿಂಗ್ ಎಂದಿತು. ತೆರೆದು ಓದಿ, ಮತ್ತೊಮ್ಮೆ ಓದಿ, ಅಮ್ಮನ ಕಿವಿಯ ಹತ್ತಿರ ಬಾಗಿ, “ಅತ್ತೆ, ಸೀಟು ಸಿಕ್ತು” ಎಂದರು.

ಅಮ್ಮ ಎದ್ದು ಕೂತರು. ಡಾಕ್ಟರು “ಅಲ್ಲಾಡ್ಬೇಡಿ!” ಎಂದು ಓಡಿಬಂದರು. ಅಮ್ಮ ಯಾರ ಮಾತನ್ನೂ ಕೇಳದೆ, ಅತ್ತಿಗೆಯ ಕೈ ಹಿಡಿದುಕೊಂಡು, ಹತ್ತಿಯ ನಡುವಿನಿಂದಲೇ ಉದ್ದನೆಯ ಭಾಷಣ ಮಾಡಿದರು. “ಉಂ ಊಂ ಆಂ ಅಂ ಉಂ ಊಂಊ.” ಡಾಕ್ಟರಿಗೆ ಒಂದಕ್ಷರ ತಿಳಿಯಲಿಲ್ಲ.

“ಏನಂತಾರೆ ಇವರು?”

“ನನ್ನ ಸೊಸೆ ಕಣ್ರೀ ಇವಳು ಅಂತ ಹೇಳ್ತಿದ್ದಾರೆ” ಎಂದ ಅತ್ತಿಗೆಗೆ ಅಲ್ಲೇ ಕಣ್ಣು ತುಂಬಿ ಬಂತು. ಡಾಕ್ಟರು ಹತ್ತಿ ಬದಲಾಯಿಸಿ, ಇಬ್ಬರಿಗೂ ಒಂದೊಂದು ಲೋಟ ನೀರು ಕೊಟ್ಟು, ಅಭಿನಂದನೆ ಹೇಳಿದರಂತೆ. ಅಮ್ಮನ ನೀರನ್ನೂ ಅತ್ತಿಗೆಯೇ ಕುಡಿದರು.

ಈಗ ಅತ್ತಿಗೆ ವಾರದಲ್ಲಿ ಅರ್ಧ ಆಸ್ಪತ್ರೆ, ಅರ್ಧ ವಿಶ್ವವಿದ್ಯಾಲಯ. ಜೊತೆಯ ಸಂಶೋಧಕರು ‘ಅಕ್ಕಾ’ ಎಂದು ಕರೆದು ಸಂಖ್ಯಾಶಾಸ್ತ್ರ ಹೇಳಿಕೊಡುತ್ತಾರೆ. ಇವರು ಅವರ ಅರ್ಜಿಗಳನ್ನು ತಿದ್ದಿಕೊಡುತ್ತಾರೆ. ಧ್ವನಿಮುದ್ರಣ ಯಂತ್ರ ಹಿಡಿದು ಮನೆಮನೆಗೆ ಹೋಗುವ ಕೆಲಸ ಹೋದ ತಿಂಗಳು ಆರಂಭವಾಯಿತು. ಮೊದಲ ಮನೆಯಲ್ಲಿ ಇಬ್ಬರು ವಯಸ್ಸಾದ ಅಕ್ಕತಂಗಿಯರು. ಅಕ್ಕನಿಗೆ ಮಾತು ಹೋಗಿ ವರ್ಷವಾಗಿದೆ. ಯಂತ್ರ ನೋಡಿ ಇಬ್ಬರೂ ಶಾಲಾ ಮಕ್ಕಳಂತೆ ಕೈಕಟ್ಟಿ ಸುಮ್ಮನೆ ಕೂತರಂತೆ. ಆಮೇಲೆ ತಂಗಿ ಎದ್ದು ಹೋಗಿ ಕಿಟಕಿ ಮುಚ್ಚಿದಳು.

“ತೆಗಿ,” ಎಂದಳು ಅಕ್ಕ.

“ಚಳಿ ಕಣೇ.”

“ನಿಂಗೆ… ಚಳಿ. ನಂಗೆ… ಗಾಳಿ.”

ಅತ್ತಿಗೆ ಯಂತ್ರದ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡಿಕೊಂಡರು. ಉರಿಯುತ್ತಿತ್ತು. ತಂಗಿ ಗೊಣಗುತ್ತಲೇ ಹೋಗಿ ಕಿಟಕಿ ತೆರೆದಳು.